ಮಾಗಿಯ ಮುಂಜಾನೆ ಚಾಲೂ ಆಗದ ಡೀಸೆಲ್ ಪಿಕಪ್ ಗಾಡಿ: ದೋಷಪರೀಕ್ಷೆಯ ಕ್ರಮ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಗೌಡರಿಗೂ ಹಿಡುವಳಿದಾರರಿಗೂ ತಿಳಿವಳಿಕೆ

ನಮ್ಮ ನಾಲ್ಕು ಸೀಮೆಗಳಲ್ಲಿ ಹೊಲದ ಹುಟ್ಟುವಳಿಯು ಪೇಟೆಗೆ ಸೇರುವ ಕೆಲಸವನ್ನು ಹಿಂದೆ ಎತ್ತಿನ ಬಂಡಿಗಳು ಮಾಡುತ್ತಿದ್ದವು. ಈಗ ಅದನ್ನು ಬಹುಮಟ್ಟಿಗೆ ಡೀಸೆಲ್ ಪಿಕಪ್ ಗಾಡಿಗಳು ಮಾಡುತ್ತಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಗಂಗಾವತಿ ಸೀಮೆಯ ಭತ್ತ, ಕುಷ್ಟಗಿ ಯಲಬುರ್ಗಾ ಸೀಮೆಗಳ ದಾಳಿಂಬೆ ಮತ್ತು ಕಡಲೆ, ಕೊಪ್ಪಳದ ಸುತ್ತಲಿನ ಹಳ್ಳಿಗಳ ಕಾಯಿಪಲ್ಯ ಮತ್ತು ಹಾಲು, ಇವೆಲ್ಲವೂ ಹೊತ್ತು ಮೂಡುವ ಮೊದಲೇ ಗಾಡಿಯನ್ನೇರಬೇಕಾಗಿವೆ. ಹೀಗಿರಲಾಗಿ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕೆಲಸದ ಒತ್ತಡವೂ ಚಳಿಯೂ ಒಟ್ಟಿಗೆ ಬರುತ್ತವೆ. ಮುಂಗಾರು ಭತ್ತದ ಕೊಯ್ಲು ಮುಗಿಯುವ ಹೊತ್ತು ಅದೇ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿ ಹೊಲಕ್ಕೆ ಹೋಗುವ ದಿನವೂ ಅದೇ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿಯನ್ನು ಹೇರಿಕೊಂಡು ಗಾಡಿಗಳು ಹೊರಡುವುದೂ ಆಗಲೇ. ಅಂಥ ಮುಂಜಾನೆ ಗಾಡಿಯು ಚಾಲೂ ಆಗದೆ ನಿಂತರೆ ಕೊಯ್ದ ಸೊಪ್ಪು ಬಾಡುವುದು, ಸವಾಲಿನ ಹೊತ್ತು ಮೀರುವುದು, ಹಾಲು ಕೆಡುವುದು. ದವಾಖಾನೆಗೆ ಒಯ್ಯಬೇಕಾದ ರೋಗಿಯು ಮನೆಯಲ್ಲಿದ್ದರಂತೂ ಆಗುವ ಹಾನಿಯನ್ನು ರೂಪಾಯಿಗಳಲ್ಲಿ ಎಣಿಸಲಾಗದು.

ಇಂಥ ಸಮಯದಲ್ಲಿ ಚಾಲಕನು ಚಳಿಯನ್ನು ದೂರುವನು, ಮೇಸ್ತ್ರಿಯು ಹೊಸ ಬ್ಯಾಟರಿಯನ್ನು ಹಾಕಿಸೆನ್ನುವನು, ನೆರೆಯವನು ಟಾಕಿಗೆ ಸೀಮೆಎಣ್ಣೆ ಸುರಿಯೆನ್ನುವನು. ಮೂವರ ಮಾತನ್ನೂ ಕೇಳಿ ಹಣ ವೆಚ್ಚ ಮಾಡುವ ಮೊದಲು ಮಾಲೀಕನು ತಾನೇ ಅರ್ಧ ಗಳಿಗೆ ನಿಂತು ಕ್ರಮವರಿತು ಪರೀಕ್ಷಿಸಿದರೆ ದೋಷವು ಎಲ್ಲಿದೆಯೆಂಬುದು ಹೆಚ್ಚಿನ ಪಕ್ಷದಲ್ಲಿ ತಿಳಿದುಬರುವುದು. ಆ ಕ್ರಮವನ್ನು ವಿಶದಪಡಿಸುವುದೇ ಈ ಲೇಖನದ ಉದ್ದೇಶವು.

1. ಚಳಿಯು ಮಾಡುವುದೇನು?

ಡೀಸೆಲ್ ಯಂತ್ರದಲ್ಲಿ ಪೆಟ್ರೋಲ್ ಯಂತ್ರದಂತೆ ಕಿಡಿಯಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನು 1897ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ನಡೆಯಿಸಿ ತೋರಿಸಿದ ಯಂತ್ರದ ತತ್ವವೇ ಇಂದಿನ ಪಿಕಪ್ಪಿನಲ್ಲಿಯೂ ಇದೆ. ಕೊಳವೆಯೊಳಗಿನ ಗಾಳಿಯನ್ನು ಹದಿನಾರರಿಂದ ಇಪ್ಪತ್ತೆರಡು ಪಟ್ಟು ಒತ್ತಿ ಕಿರಿದು ಮಾಡಿದರೆ ಆ ಗಾಳಿಯು ಕಾದು ಕೆಂಡದಂತಾಗುವುದು. ಅದರೊಳಗೆ ಮಂಜಿನ ಹನಿಯಂತೆ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುವುದು. ಆದಕಾರಣ ಶಾಖವೇ ಈ ಯಂತ್ರದ ಕಿಡಿಯೆಂದು ತಿಳಿಯತಕ್ಕದ್ದು.

ಹೊರಗಿನ ಗಾಳಿಯು 20 ಡಿಗ್ರಿಯಷ್ಟು ತಣ್ಣಗಾದರೆ ಒತ್ತಿದ ಗಾಳಿಯು ಲೆಕ್ಕದ ಪ್ರಕಾರ ಸುಮಾರು 50 ಡಿಗ್ರಿಯಷ್ಟು ಕಡಿಮೆ ಕಾಯುವುದು. ಸ್ವಸ್ಥವಾದ ಯಂತ್ರಕ್ಕೆ ಇದು ದೊಡ್ಡ ಕೊರತೆಯಲ್ಲ. ಯಾತಕ್ಕೆಂದರೆ, ಒತ್ತಿದ ಗಾಳಿಯ ಶಾಖವು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಕ್ಕೆ ಏರುವುದು. ಡೀಸೆಲ್ ಹೊತ್ತಲು ಅದರ ಅರ್ಧದಷ್ಟು ಸಾಕು. ಆದರೆ ಯಂತ್ರವು ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿಯು ಸಂದುಗಳಿಂದ ಸೋರಿಹೋಗುವುದು, ಅದರ ಶಾಖವನ್ನು ತಣ್ಣನೆಯ ಕಬ್ಬಿಣವು ಹೀರಿಕೊಳ್ಳುವುದು. ಅದೇ ಹೊತ್ತಿಗೆ ಎಂಜಿನ್ ಎಣ್ಣೆಯು ಮಂದವಾಗಿ ಯಂತ್ರವನ್ನು ಹಿಡಿಯುವುದು. ಬ್ಯಾಟರಿಯ ಬಲವೂ ಪ್ರತಿ ಡಿಗ್ರಿಗೆ ಹತ್ತಿರ ಹತ್ತಿರ ನೂರಕ್ಕೆ ಒಂದರಂತೆ ಕುಗ್ಗುವುದು.

ನಮ್ಮ ಸೀಮೆಯಲ್ಲಿ ಮಾಗಿಯ ರಾತ್ರಿಯ ಉಷ್ಣಮಾನವು ಸಾಧಾರಣವಾಗಿ 15ರಿಂದ 18 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುವುದು. ಚಳಿ ಬಲವಾದ ವರ್ಷಗಳಲ್ಲಿ ಇನ್ನೂ ಕೆಲವು ಡಿಗ್ರಿ ಇಳಿಯುವುದು. ಇಷ್ಟು ಚಳಿಗೆ ನಿರೋಗಿಯಾದ ಗಾಡಿಯು ನಿಲ್ಲಬಾರದು. ನಿಂತರೆ ಅದರೊಳಗೆ ಮೊದಲೇ ಒಂದು ರೋಗವಿದ್ದಿತೆಂದೂ ಚಳಿಯು ಅದನ್ನು ಹೊರಗೆಡಹಿತೆಂದೂ ಗ್ರಹಿಸಬೇಕು. ಮೇವಿಲ್ಲದ ಎತ್ತು ಬೇಸಗೆಯಲ್ಲಿ ಹೇಗೋ ನಡೆದು, ಕೆಸರಿಗೆ ಇಳಿದೊಡನೆ ಕುಸಿದರೆ ಕೆಸರನ್ನು ಬೈದು ಫಲವೇನು?

2. ಡೀಸೆಲ್ ಹೆಪ್ಪುಗಟ್ಟುವುದೆಂಬ ಮಾತು

ಡೀಸೆಲಿನಲ್ಲಿ ಮೇಣದ ಅಂಶವಿದ್ದು, ಕಡು ಚಳಿಯಲ್ಲಿ ಅದು ಹರಳುಗಟ್ಟಿ ಫಿಲ್ಟರನ್ನು ಮುಚ್ಚುವುದು ನಿಜವು. ಕೊಬ್ಬರಿ ಎಣ್ಣೆಯು ಮಾಗಿಯಲ್ಲಿ ಗಟ್ಟಿಯಾದರೂ ಪಕ್ಕದಲ್ಲಿಟ್ಟ ಕುಸುಬೆ ಎಣ್ಣೆಯು ತಿಳಿಯಾಗಿಯೇ ಉಳಿಯುವುದನ್ನು ಪ್ರತಿ ಅಡಿಗೆಮನೆಯಲ್ಲಿಯೂ ಕಾಣಬಹುದು. ಒಂದೊಂದು ಎಣ್ಣೆಗೆ ಒಂದೊಂದು ಮಿತಿಯುಂಟು. ಲಡಾಖದಂಥ ಹಿಮದ ನಾಡಿನಲ್ಲಿ ಸಾಧಾರಣ ಡೀಸೆಲ್ ನಡೆಯದು. ಆದಕಾರಣ 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲನ್ನು ಅಲ್ಲಿಗಾಗಿ ತಯಾರಿಸಿ ಒದಗಿಸಿತು.

ನಮ್ಮ ನಾಡಿನ ಬಂಕುಗಳ ಡೀಸೆಲಿಗೆ ಐಎಸ್ 1460 ಎಂಬ ಭಾರತೀಯ ಮಾನಕವು ಅನ್ವಯಿಸುವುದು. ಅದರಂತೆ ಡೀಸೆಲ್ ಹರಿಯುವ ಗುಣವನ್ನು ಕಳೆದುಕೊಳ್ಳುವ ಬಿಂದುವು ಚಳಿಗಾಲದ ತಿಂಗಳುಗಳಲ್ಲಿ 3 ಡಿಗ್ರಿಯನ್ನೂ ಉಳಿದ ತಿಂಗಳುಗಳಲ್ಲಿ 15 ಡಿಗ್ರಿಯನ್ನೂ ಮೀರಬಾರದು. ಫಿಲ್ಟರ್ ಕಟ್ಟುವ ಬಿಂದುವು ಅನುಕ್ರಮವಾಗಿ 6 ಮತ್ತು 18 ಡಿಗ್ರಿಗಳನ್ನು ಮೀರಬಾರದು. ಇವು ಗರಿಷ್ಠ ಮಿತಿಗಳು ಮಾತ್ರ. ಇದರಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದು, ಮಾಗಿಯಲ್ಲಿಯೇ ಕೊಂಡ ಒಳ್ಳೆಯ ಡೀಸೆಲ್ ನಮ್ಮ ಚಳಿಗೆ ಹೆಪ್ಪುಗಟ್ಟದು. ಎರಡನೆಯದು, ಟ್ರ್ಯಾಕ್ಟರಿಗೆಂದು ಭಾದ್ರಪದದಲ್ಲಿ ಕೊಂಡು ಬ್ಯಾರಲಿನಲ್ಲಿ ತುಂಬಿಟ್ಟ ಡೀಸೆಲನ್ನು ಪುಷ್ಯದ ಚಳಿಯಲ್ಲಿ ಪಿಕಪ್ಪಿಗೆ ಹಾಕುವುದು ಜಾಣತನವಲ್ಲ.

ಸಂಶಯವಿದ್ದವರು ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮಾಡಬಹುದು. ಗಾಡಿಯ ಟಾಕಿಯಿಂದ ಬಿಳಿಯ ಗಾಜಿನ ಸೀಸೆಯೊಂದಕ್ಕೆ ಸ್ವಲ್ಪ ಡೀಸೆಲನ್ನು ತೆಗೆದು, ಬಿರಡೆ ಹಾಕಿ, ರಾತ್ರಿಯೆಲ್ಲ ಗಾಡಿಯ ಬಳಿ ಬಯಲಿನಲ್ಲಿಟ್ಟು, ಹೊತ್ತು ಮೂಡುವಾಗ ನೋಡತಕ್ಕದ್ದು. ಡೀಸೆಲ್ ತಿಳಿಯಾಗಿದ್ದರೆ ಮೇಣದ ಮಾತನ್ನು ಬಿಡಬಹುದು. ಇಡೀ ಸೀಸೆಯು ಮಬ್ಬಾಗಿದ್ದು ಬಿಸಿಲಿಗಿಟ್ಟ ಮೇಲೆ ತಿಳಿಯಾದರೆ ಮೇಣವು ಕಾರಣವಾಗಿರಬಹುದು. ಅಡಿಯಲ್ಲಿ ಬೇರೆಯಾಗಿ ನಿಂತ ಪದರವೊಂದು ಕಂಡರೆ ಅದು ನೀರು. ಒಂದೇ ಸೀಸೆಯಿಂದ ಎರಡು ರೋಗಗಳ ಪರೀಕ್ಷೆಯಾದಂತಾಯಿತು.

3. ಮೊದಲು ಕೇಳಬೇಕು, ತರುವಾಯ ನೋಡಬೇಕು

ಕೈಗೆ ಪಾನೆಯನ್ನು ಹಿಡಿಯುವ ಮೊದಲು ಕಿವಿಯನ್ನೂ ಕಣ್ಣನ್ನೂ ಉಪಯೋಗಿಸತಕ್ಕದ್ದು. ದೀಪಗಳನ್ನು ಆರಿಸಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕ್ಲಚ್ಚನ್ನು ಒತ್ತಿ ಹಿಡಿದು, ಕೀಲಿಯನ್ನು ಮೊದಲು ಅರ್ಧಕ್ಕೆ ತಿರುಗಿಸಿ ನಿಲ್ಲಿಸಬೇಕು. ಎದುರಿನ ಹಲಗೆಯಲ್ಲಿ ಸುರುಳಿಯಾಕಾರದ ಹಳದಿ ದೀಪವಿದ್ದರೆ ಅದು ಆರುವವರೆಗೆ ಕಾದು, ಆಮೇಲೆ ಸೆಲ್ಫ್ ಹೊಡೆಯಬೇಕು. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಒಂದು ನಿಮಿಷದ ವಿಶ್ರಾಂತಿಯನ್ನು ಕೊಡತಕ್ಕದ್ದು. ಆಗ ಒಬ್ಬನು ಗಾಡಿಯ ಹಿಂದೆ ನಿಂತು ಹೊಗೆಯನ್ನು ನೋಡಲಿ. ಕಂಡುಬರುವುದು ಈ ಮೂರರಲ್ಲಿ ಒಂದಾಗಿರುವುದು:

(ಅ) ಸೆಲ್ಫ್ ತಿರುಗುವುದೇ ಇಲ್ಲ, ಇಲ್ಲವೆ ನರಳುತ್ತ ತಿರುಗುವುದು. ದೋಷವು ವಿದ್ಯುತ್ತಿನದು.

(ಆ) ಚೆನ್ನಾಗಿ ತಿರುಗುವುದು, ಆದರೆ ಹೊಗೆಯೇ ಬಾರದು. ಡೀಸೆಲ್ ಯಂತ್ರಕ್ಕೆ ಮುಟ್ಟುತ್ತಿಲ್ಲ.

(ಇ) ಚೆನ್ನಾಗಿ ತಿರುಗುವುದು, ಡೀಸೆಲ್ ವಾಸನೆಯ ಬಿಳಿಯ ಹೊಗೆ ಬರುವುದು. ಡೀಸೆಲ್ ಮುಟ್ಟುತ್ತಿದೆ, ಆದರೆ ಹೊತ್ತುತ್ತಿಲ್ಲ.

ಈ ಮೂರನ್ನು ಬೇರ್ಪಡಿಸಿಕೊಂಡವನು ಅರ್ಧ ಕೆಲಸವನ್ನು ಮುಗಿಸಿದಂತೆಯೇ ಸರಿ.

4. ಸೆಲ್ಫ್ ನರಳಿದರೆ

ಬ್ಯಾಟರಿಯ ತುದಿಗಳ ಮೇಲೆ ಬಿಳಿ ಅಥವಾ ಹಸಿರು ಬೂಷ್ಟಿನಂಥ ಪುಡಿ ಬೆಳೆದಿದೆಯೇ, ಹಿಡಿಕೆಗಳು ಕೈಯಿಂದ ಅಲುಗಾಡುತ್ತವೆಯೇ ಎಂಬುದನ್ನು ಪ್ರಥಮತಃ ನೋಡಬೇಕು. ಹಾಗಿದ್ದರೆ ಋಣದ ತಂತಿಯನ್ನು ಮೊದಲು ಬಿಚ್ಚಿ, ಅಡಿಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಉಜ್ಜಿ, ಬಿಗಿಯಾಗಿ ಕೂಡಿಸಿ, ಋಣದ ತಂತಿಯನ್ನು ಕೊನೆಗೆ ಕಟ್ಟಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರತಕ್ಕದ್ದು. ಬ್ಯಾಟರಿಯಿಂದ ಗಾಡಿಯ ಚೌಕಟ್ಟಿಗೂ ಯಂತ್ರಕ್ಕೂ ಹೋಗುವ ಅರ್ಥ್ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಅದು ತುಕ್ಕು ಹಿಡಿದರೆ ಹೊಸ ಬ್ಯಾಟರಿಯೂ ಹಳೆಯದರಂತೆಯೇ ನರಳುವುದು.

ತರುವಾಯ ಮೀಟರಿನಿಂದ ಅಳೆಯಬೇಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯು ತುಂಬಿದ್ದರೆ 12.6 ವೋಲ್ಟ್ ತೋರಿಸುವುದು, 12.2 ತೋರಿಸಿದರೆ ಅರ್ಧ ಬರಿದಾಗಿದೆ. 12ಕ್ಕಿಂತ ಕೆಳಗಿದ್ದರೆ ಬಹುಪಾಲು ಬರಿದೇ. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆಯೆಂದು ತಿಳಿಯಬಹುದು. ಯಂತ್ರ ನಡೆಯುತ್ತಿರುವಾಗ 13.8ರಿಂದ 14.5ರವರೆಗೆ ತೋರದಿದ್ದರೆ ಬ್ಯಾಟರಿಗೆ ಮೇವನ್ನು ಹಾಕುವ ಡೈನಮೊ ಕೆಟ್ಟಿದೆ. ಆಗ ಹೊಸ ಬ್ಯಾಟರಿ ಹಾಕಿಸುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಇಲ್ಲಿ ಮಾಲೀಕರು ಗಮನಿಸಬೇಕಾದ ವಿಷಯವೊಂದುಂಟು. ಬ್ಯಾಟರಿಯ ಆಯುಷ್ಯವನ್ನು ತಿನ್ನುವುದು ನಮ್ಮ ಚಳಿಯಲ್ಲ, ನಮ್ಮ ಬೇಸಗೆ. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ನೀರು ಆರಿ, ಒಳಗಿನ ಸೀಸದ ಫಲಕಗಳು ಸವೆಯುವುವು. ಬಲವು ಹೆಚ್ಚಾಗಿ ಬೇಕಾದ ಮಾಗಿಯಲ್ಲಿ ಆ ಹಾನಿಯು ಬಯಲಾಗುವುದು. ಆದಕಾರಣ ನೀರು ತುಂಬುವ ಬಗೆಯ ಬ್ಯಾಟರಿಯಾದರೆ ಬೇಸಗೆಯಲ್ಲಿ ತಿಂಗಳಿಗೆರಡು ಸಲ ನೋಡಿ, ಭಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು. ಕುಷ್ಟಗಿ ಯಲಬುರ್ಗಾ ಸೀಮೆಗಳ ಕೊಳವೆಬಾವಿಯ ನೀರಿನಲ್ಲಿ ಲವಣಗಳೂ ಫ್ಲೋರೈಡೂ ಇರುವುದು ಎಲ್ಲರೂ ಬಲ್ಲ ಸಂಗತಿ. ಅಂಥ ನೀರನ್ನು ಹಾಕಿದರೆ ಬ್ಯಾಟರಿಯು ಬೇಗನೆ ಹಾಳಾಗುವುದು.

ಬ್ಯಾಟರಿ ಸರಿಯಾಗಿದ್ದೂ ಯಂತ್ರವು ಬಿಗಿಯಾಗಿ ತಿರುಗಿದರೆ ಎಂಜಿನ್ ಎಣ್ಣೆಯ ದರ್ಜೆಯನ್ನು ನೋಡಬೇಕು. ಗಾಡಿಯ ಪುಸ್ತಕವು 15ಡಬ್ಲ್ಯೂ-40 ಎಂದು ಹೇಳಿರುವಾಗ, ದಪ್ಪವಿದ್ದಷ್ಟೂ ಒಳ್ಳೆಯದೆಂದು 20ಡಬ್ಲ್ಯೂ-50 ಹಾಕಿಸುವ ರೂಢಿಯು ಮಾಗಿಯಲ್ಲಿ ತೊಂದರೆ ಕೊಡುವುದು.

5. ಚೆನ್ನಾಗಿ ತಿರುಗಿದರೂ ಹೊಗೆ ಬಾರದಿದ್ದರೆ

ಟಾಕಿಯಲ್ಲಿ ಡೀಸೆಲ್ ಇದೆಯೇ ಎಂಬುದನ್ನು ಕಡ್ಡಿಯಿಂದ ನೋಡಲು ನಾಚಬೇಕಾಗಿಲ್ಲ. ಮುಳ್ಳು ಸುಳ್ಳು ಹೇಳುವುದುಂಟು. ಆಮೇಲೆ ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ಬಟ್ಟಲಿಗೆ ಸ್ವಲ್ಪ ಇಳಿಸಬೇಕು. ಅರ್ಧ ಖಾಲಿಯಾದ ಟಾಕಿಯೊಳಗಿನ ಗಾಳಿಯ ತೇವವು ರಾತ್ರಿಯ ತಣುಪಿಗೆ ಹನಿಗೂಡಿ ತಳ ಸೇರುವುದು; ಬ್ಯಾರಲಿನಿಂದ ತುಂಬುವವರಿಗೆ ಈ ತೊಂದರೆಯು ಇಮ್ಮಡಿ. ನೀರು ಬಂದರೆ ಶುದ್ಧ ಡೀಸೆಲ್ ಬರುವವರೆಗೆ ಇಳಿಸಿ ತಿರುಪನ್ನು ಬಿಗಿಯತಕ್ಕದ್ದು.

ಬಳಿಕ ಕೈಪಂಪನ್ನು ಒತ್ತಬೇಕು. ಆರಂಭದಲ್ಲಿ ಪೊಳ್ಳಾಗಿದ್ದು, ಇಪ್ಪತ್ತು ಮೂವತ್ತು ಸಲ ಒತ್ತಿದ ಮೇಲೆ ಗಟ್ಟಿಯಾಗಿ, ಗಾಡಿಯು ಚಾಲೂ ಆದರೆ ‘ಏರ್ ಹಿಡಿದಿತ್ತು’ ಎಂದು ಅರ್ಥ. ಇದು ಚಾಲೂ ಆಯಿತೆಂದು ಸುಮ್ಮನಾಗುವ ವಿಷಯವಲ್ಲ. ಟಾಕಿಯಿಂದ ಪಂಪಿನವರೆಗಿನ ರಬ್ಬರ್ ಕೊಳವೆಯಲ್ಲಿ ಎಲ್ಲಿಯೋ ಕೂದಲೆಳೆಯ ಬಿರುಕಿದ್ದು, ರಾತ್ರಿಯಲ್ಲಿ ಅದರ ಮೂಲಕ ಗಾಳಿಯು ಒಳಹೊಕ್ಕು ಡೀಸೆಲ್ ಟಾಕಿಗೆ ಹಿಂದಿರುಗುತ್ತಿದೆ. ಚಳಿಯಲ್ಲಿ ರಬ್ಬರು ಬಿರುಸಾಗುವುದರಿಂದಲೇ ಈ ದೋಷವು ಮಾಗಿಯಲ್ಲಿ ಹೆಚ್ಚು. ಹೊಸ ಕೊಳವೆ, ಹೊಸ ಹಿಡಿಕೆ, ಫಿಲ್ಟರಿನ ಹೊಸ ವಾಷರು ಇವುಗಳಿಂದ ಗುಣವಾಗುವ ರೋಗಕ್ಕೆ ನಾಜಲ್ ಬಿಚ್ಚಿಸಿ ಸಾವಿರಾರು ರೂಪಾಯಿ ತೆತ್ತವರು ಹಲವರಿದ್ದಾರೆ.

ಭತ್ತದ ಸೀಮೆಯವರು ಇಲಿ ಹೆಗ್ಗಣಗಳನ್ನು ಮರೆಯಬಾರದು. ಕೊಯ್ಲಾದ ಗದ್ದೆಯಿಂದ ಹೊರಬಿದ್ದ ಇಲಿಗಳು ಬೆಚ್ಚಗಿರುವ ಬಾನೆಟ್ಟಿನ ಕೆಳಗೆ ಹುಲ್ಲಿನ ಗೂಡು ಕಟ್ಟಿ ತಂತಿಗಳನ್ನು ಕಡಿಯುವುವು. ಇಲಿ ಕಡಿದ ಒಂದು ತಂತಿಯಿಂದ ಇಡೀ ಗಾಡಿ ನಿಲ್ಲುವುದು. ಒಣಹುಲ್ಲಿಗೆ ಬೆಂಕಿ ಹತ್ತುವ ಭಯವೂ ಇದೆ.

6. ಬಿಳಿಯ ಹೊಗೆ ಬಂದರೆ

ಆಗ ಶಾಖದ ಕೊರತೆಯನ್ನು ಹುಡುಕಬೇಕು. ಗ್ಲೋ ಪ್ಲಗ್ಗೆಂದೂ ಹೀಟರ್ ಪ್ಲಗ್ಗೆಂದೂ ಕರೆಯುವ ಕಡ್ಡಿಗಳು ಸಿಲಿಂಡರಿಗೊಂದರಂತೆ ಇದ್ದು, ಚಾಲೂ ಮಾಡುವ ಮುನ್ನ ಕೆಂಪಗೆ ಕಾಯುವುವು. ಪರೀಕ್ಷೆಯು ಸುಲಭ. ಪ್ಲಗ್ಗುಗಳ ತಂತಿಯನ್ನು ಬಿಚ್ಚಿ, 12 ವೋಲ್ಟಿನ ಸಣ್ಣ ಬಲ್ಬಿನ ಒಂದು ತುದಿಯನ್ನು ಬ್ಯಾಟರಿಯ ಧನಕ್ಕೂ ಇನ್ನೊಂದನ್ನು ಒಂದೊಂದಾಗಿ ಪ್ಲಗ್ಗಿನ ತಲೆಗೂ ಮುಟ್ಟಿಸಬೇಕು. ಬಲ್ಬು ಹತ್ತಿದರೆ ಪ್ಲಗ್ಗಿನ ತಂತಿಯು ತುಂಡಾಗಿಲ್ಲ, ಹತ್ತದಿದ್ದರೆ ಸುಟ್ಟಿದೆ. ಹೊಸ ಗಾಡಿಗಳ ಪ್ಲಗ್ಗುಗಳು ಕಡಿಮೆ ವೋಲ್ಟಿನವು. ಅವಕ್ಕೆ ಬಲ್ಬಿಲ್ಲದೆ ನೇರವಾಗಿ ಬ್ಯಾಟರಿಯ ತಂತಿಯನ್ನು ಮುಟ್ಟಿಸಿದರೆ ಕ್ಷಣದಲ್ಲಿ ಹಾಳಾಗುವುವು. ಪ್ಲಗ್ಗುಗಳೆಲ್ಲ ಸರಿಯಾಗಿದ್ದರೆ ಅವಕ್ಕೆ ವಿದ್ಯುತ್ತನ್ನು ಕಳಿಸುವ ರಿಲೇ ಮತ್ತು ಫ್ಯೂಜನ್ನು ನೋಡತಕ್ಕದ್ದು.

ಹಳೆಯ ಬಗೆಯ ಯಂತ್ರಗಳಿಗೆ ಈ ಪ್ಲಗ್ಗುಗಳು ನಮ್ಮ ಚಳಿಯಲ್ಲಿಯೂ ಅವಶ್ಯಕವು. ಹೊಸ ಕಾಮನ್ ರೇಲ್ ಯಂತ್ರಗಳು ನಮ್ಮ ಸೀಮೆಯ ಚಳಿಯಲ್ಲಿ ಇವುಗಳಿಲ್ಲದೆಯೂ ಸಾಧಾರಣವಾಗಿ ಚಾಲೂ ಆಗುವುದರಿಂದ, ಅಂಥ ಗಾಡಿ ನಿಂತರೆ ಬ್ಯಾಟರಿಯನ್ನೂ ಡೀಸೆಲನ್ನೂ ಮೊದಲು ಪರೀಕ್ಷಿಸುವುದು ಲೇಸು.

ಏರ್ ಫಿಲ್ಟರನ್ನೂ ತೆಗೆದು ನೋಡಬೇಕು. ಎರೆಹೊಲದ ದಾರಿಯ ಧೂಳು ಹಿಟ್ಟಿನಂತೆ ನುಣ್ಣಗಿದ್ದು ಅದನ್ನು ಮುಚ್ಚಿಬಿಡುವುದು. ಗಾಳಿ ಸಾಲದ ಯಂತ್ರದಲ್ಲಿ ಒತ್ತಲು ಏನಿದೆ? ಇವೆಲ್ಲ ಸರಿಯಾಗಿದ್ದೂ ಪ್ರತಿ ಮುಂಜಾನೆಯೂ ಹಟ ಮಾಡಿ, ಒಮ್ಮೆ ಕಾದ ಮೇಲೆ ದಿನವಿಡೀ ಸುಲಭವಾಗಿ ಚಾಲೂ ಆಗುವ ಹಳೆಯ ಗಾಡಿಯಲ್ಲಿ ರಿಂಗು ಅಥವಾ ವಾಲ್ವು ಸವೆದಿರುವ ಸಂಭವವುಂಟು. ಮೇಸ್ತ್ರಿಯಿಂದ ಕಂಪ್ರೆಷನ್ ಅಳೆಯಿಸಿದ ಹೊರತು ಯಂತ್ರವನ್ನು ಬಿಚ್ಚಿಸಕೂಡದು.

7. ಮಾಡಕೂಡದ ಕೆಲಸಗಳು

ಟಾಕಿಯ ಕೆಳಗಾಗಲಿ ಯಂತ್ರದ ಕೆಳಗಾಗಲಿ ಬೆಂಕಿ ಹಾಕಕೂಡದು. ಒಂದು ದಿನದ ಬಾಡಿಗೆಯನ್ನು ಉಳಿಸಲು ಹೋಗಿ ಗಾಡಿಯನ್ನೂ ಪಕ್ಕದ ಬಣವೆಯನ್ನೂ ಸುಡುವುದು ವಿವೇಕವಲ್ಲ.

ಗಾಳಿಯ ದಾರಿಯೊಳಗೆ ಈಥರನ್ನಾಗಲಿ ಪೆಟ್ರೋಲಿನ ಹನಿಯನ್ನಾಗಲಿ ಚಿಮುಕಿಸಕೂಡದು. ಕೆಂಪಗೆ ಕಾದ ಪ್ಲಗ್ಗು ಒಳಗಿರುವಾಗ ಅದು ಸಿಡಿಯುವುದು. ಪಿಸ್ಟನ್ ಒಡೆಯುವುದಷ್ಟೇ ಅಲ್ಲ, ಮುಂದೆ ಬಗ್ಗಿ ನಿಂತವನ ಮುಖಕ್ಕೂ ಅಪಾಯ.

ಸೀಮೆಎಣ್ಣೆಯನ್ನು ಬೆರೆಸಕೂಡದು. ಪಂಪಿನ ಮತ್ತು ನಾಜಲಿನ ಒಳಭಾಗಗಳಿಗೆ ಡೀಸೆಲೇ ಎಣ್ಣೆಯಾಗಿ ಜಾರಿಕೆ ಕೊಡುವುದು. ಸೀಮೆಎಣ್ಣೆಗೆ ಆ ಗುಣವು ಸಾಲದು. ಶೇಂಗಾ ಎಣ್ಣೆಯಿಂದ ಡೀಸೆಲ್ ಯಂತ್ರವನ್ನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ನಡೆಯಿಸಿದ್ದುಂಟು. ಆದರೆ ಅಂದಿನ ಯಂತ್ರಕ್ಕೆ ಹಿಡಿಸಿದ್ದು ಇಂದಿನದಕ್ಕೆ ಹಿಡಿಸದು.

ಕಾಮನ್ ರೇಲ್ ಗಾಡಿಗಳ ನಾಜಲ್ ಪೈಪುಗಳನ್ನು ಏರ್ ತೆಗೆಯುವ ನೆಪದಿಂದ ಸಡಿಲಿಸಕೂಡದು. ಹಳೆಯ ಗಾಡಿಗಳಲ್ಲಿ ಇದು ರೂಢಿಯಾಗಿತ್ತು. ಹೊಸ ಗಾಡಿಗಳಲ್ಲಿ ಒತ್ತಡವು ಸಾವಿರ ಬಾರ್‌ಗಳನ್ನು ಮೀರುವುದರಿಂದ ಚಿಮ್ಮಿದ ಡೀಸೆಲ್ ಸೂಜಿಯಂತೆ ಚರ್ಮವನ್ನು ಭೇದಿಸಿ ಒಳಹೋಗುವುದು. ಗಾಯವು ಚಿಕ್ಕದಾಗಿ ಕಂಡರೂ ಕೂಡಲೇ ದವಾಖಾನೆಗೆ ಹೋಗಬೇಕಾದುದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮವು ಜಾರಿಗೆ ಬಂದ ಮೇಲಿನ ಗಾಡಿಗಳಲ್ಲಿ ಬ್ಯಾಟರಿ, ಫಿಲ್ಟರು, ಕೊಳವೆ, ಫ್ಯೂಜುಗಳವರೆಗೆ ಮಾತ್ರ ಮಾಲೀಕನ ಕೈ ಹೋಗಲಿ. ಮುಂದಿನದನ್ನು ಸ್ಕ್ಯಾನರ್ ಇರುವ ಮೇಸ್ತ್ರಿಗೆ ಬಿಡತಕ್ಕದ್ದು.

ಇನ್ನೊಂದು ಗಾಡಿಯ ಬ್ಯಾಟರಿಯಿಂದ ತಂತಿ ಎಳೆದು ಚಾಲೂ ಮಾಡುವಾಗ ಧನಕ್ಕೆ ಧನವನ್ನು ಮೊದಲು ಕಟ್ಟಿ, ಋಣದ ತಂತಿಯ ಕೊನೆಯ ತುದಿಯನ್ನು ನಿಂತ ಗಾಡಿಯ ಬ್ಯಾಟರಿಗೆ ಮುಟ್ಟಿಸದೆ ಅದರ ಯಂತ್ರದ ಕಬ್ಬಿಣಕ್ಕೆ ಕಟ್ಟಬೇಕು. ಬ್ಯಾಟರಿಯಿಂದ ಹೊರಡುವ ಅನಿಲವು ಕಿಡಿಗೆ ಸಿಡಿಯುವಂಥದು.

8. ದೀಪಾವಳಿಯೊಳಗಿನ ಸಿದ್ಧತೆ

ರೋಗ ಬಂದ ಮೇಲಿನ ಔಷಧಕ್ಕಿಂತ ಮೊದಲಿನ ಪಥ್ಯವೇ ಅಗ್ಗವು. ಪ್ರತಿ ವರ್ಷವೂ ದೀಪಾವಳಿಗೆ ಗಾಡಿಯನ್ನು ತೊಳೆದು ಪೂಜಿಸುವ ವಾಡಿಕೆ ಎಲ್ಲ ಮನೆಗಳಲ್ಲಿಯೂ ಇದೆ. ಅದೇ ದಿನ ಬ್ಯಾಟರಿಯ ತುದಿಗಳನ್ನು ಉಜ್ಜಿ ಅಳೆಯುವುದು, ಡೀಸೆಲ್ ಫಿಲ್ಟರಿನ ನೀರನ್ನು ಇಳಿಸುವುದು, ಏರ್ ಫಿಲ್ಟರನ್ನು ಶುದ್ಧಪಡಿಸುವುದು ಅಥವಾ ಬದಲಾಯಿಸುವುದು, ರಬ್ಬರ್ ಕೊಳವೆಗಳನ್ನು ಬಗ್ಗಿಸಿ ಬಿರುಕು ನೋಡುವುದು, ಹೀಟರ್ ಪ್ಲಗ್ಗುಗಳನ್ನು ಬಲ್ಬಿನಿಂದ ಪರೀಕ್ಷಿಸುವುದು, ಈ ಐದು ಕೆಲಸಗಳನ್ನೂ ಸೇರಿಸಿಕೊಂಡರೆ ಮಾಗಿಯ ಭಯವು ಬಹುಮಟ್ಟಿಗೆ ತಪ್ಪುವುದು. ರಾತ್ರಿ ಗಾಡಿಯನ್ನು ನಿಲ್ಲಿಸುವಾಗ ಟಾಕಿಯನ್ನು ಆದಷ್ಟು ತುಂಬಿಡಬೇಕು. ಬ್ಯಾರಲಿನ ಡೀಸೆಲನ್ನು ಒಂದು ದಿನ ಅಲುಗಿಸದೆ ಬಿಟ್ಟು, ತಳದಿಂದ ನಾಲ್ಕು ಬೆರಳು ಮೇಲಿನದನ್ನು ಮಾತ್ರ ಬಟ್ಟೆಯಲ್ಲಿ ಸೋಸಿ ತೆಗೆಯಬೇಕು.

9. ಗೌಡರು ಮಾಡಬಹುದಾದ ವ್ಯವಸ್ಥೆ

ಒಂದೊಂದು ಊರಿನಲ್ಲಿ ಐದಾರು ಪಿಕಪ್ಪುಗಳಿದ್ದರೂ ಒಂದು ಮೀಟರು, ದಪ್ಪ ತಾಮ್ರದ ಒಂದು ಜೊತೆ ಜಂಪ್ ಕೇಬಲ್ಲು, ಒಂದು ಚಾರ್ಜರು ಒಬ್ಬರ ಮನೆಯಲ್ಲಿಯೂ ಇರುವುದಿಲ್ಲ. ಮಾಲೀಕರೆಲ್ಲರೂ ವಂತಿಗೆ ಕೂಡಿಸಿ ಇವನ್ನು ಕೊಂಡು ಒಂದೆಡೆ ಇಟ್ಟರೆ ತಲೆಗೆ ಬೀಳುವ ವೆಚ್ಚವು ಅಲ್ಪವು. ಐಟಿಐ ಕಲಿತ ಊರ ತರುಣನೊಬ್ಬನಿಗೆ ಇವುಗಳ ವಶವನ್ನು ಒಪ್ಪಿಸಿ, ಯಾವ ಗಾಡಿಗೆ ಯಾವ ದಿನ ಏನು ದೋಷ ಕಂಡಿತು, ಏನನ್ನು ಬದಲಾಯಿಸಲಾಯಿತು ಎಂಬುದನ್ನು ವಹಿಯೊಂದರಲ್ಲಿ ಬರೆಯಿಸತಕ್ಕದ್ದು. ಎರಡು ಮಾಗಿಗಳು ಕಳೆಯುವುದರೊಳಗಾಗಿ ಆ ವಹಿಯೇ ಊರಿಗೆ ಒಳ್ಳೆಯ ಮೇಸ್ತ್ರಿಯಾಗುವುದು. ಬೇಡದ ಬ್ಯಾಟರಿ, ಬೇಡದ ನಾಜಲುಗಳಿಗೆ ಹಣ ತೆರುವುದು ನಿಲ್ಲುವುದು. ಹಗಲಿರುಳೆನ್ನದೆ ರೋಗಿಗಳನ್ನು ಒಯ್ಯಲು ಒಪ್ಪಿದ ಒಂದು ಗಾಡಿಯನ್ನಾದರೂ ಗೊತ್ತುಮಾಡಿ, ಅದನ್ನು ಮಾಗಿಯ ಎರಡು ತಿಂಗಳೂ ಪ್ರತಿ ರಾತ್ರಿ ಚಾಲೂ ಮಾಡಿ ನೋಡಿಯೇ ನಿಲ್ಲಿಸುವಂತೆ ಗೌಡರು ಕಟ್ಟಳೆ ಮಾಡಿದರೆ ಅದು ಇಡೀ ಊರಿಗೆ ಉಪಕಾರವಾಗುವುದು.

ಶಿವರಾತ್ರಿಗೆ ಚಳಿಯು ಶಿವ ಶಿವಾ ಎಂದು ಹೋಗುವುದೆಂಬ ಮಾತು ನಿಜವು. ಆದರೆ ಚಳಿಯು ಹೋದೊಡನೆ ಗಾಡಿಯ ರೋಗವು ಹೋಗಲಿಲ್ಲ, ಅಡಗಿತು ಮಾತ್ರ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ಈ ಮಾಗಿಯಲ್ಲಿ ಕಂಡ ದೋಷವನ್ನು ಈ ಮಾಗಿಯಲ್ಲಿಯೇ ತೀರಿಸಿಕೊಳ್ಳಬೇಕೆಂದು ಗೌಡರಲ್ಲಿಯೂ ಹಿಡುವಳಿದಾರರಲ್ಲಿಯೂ ವಿಜ್ಞಾಪನೆ.